ಉಗ್ರಾಣ ಮತ್ತು ಬೀಗ: ಗಣಕಯಂತ್ರದ ತಿರುಳಿನೊಳಗಿನ ಒಂದು ಚರಿತ್ರೆ

ಇಂತಹ ಸ್ಮರಣ ಸಂಚಿಕೆಗಳಲ್ಲಿ ಚರಿತ್ರೆಯೆಂದರೆ ಕದಂಬರು, ಹೊಯ್ಸಳರು, ವಿಜಯನಗರದ ವೈಭವ ಎಂಬುದು ರೂಢಿ. ಅದು ಸರಿಯೂ ಹೌದು. ಆದರೆ ಈ ಸಭಾಂಗಣದಲ್ಲಿ ನೆರೆದಿರುವ ಪ್ರತಿನಿಧಿಗಳ ಪೈಕಿ ಗಣಕಯಂತ್ರದ ವಿದ್ಯೆಯಿಂದಲೇ ಅನ್ನ ಸಂಪಾದಿಸುತ್ತಿರುವವರ ಸಂಖ್ಯೆ ಕಡಿಮೆಯದೇನಲ್ಲ. ಆ ವಿದ್ಯೆಗೂ ಒಂದು ಚರಿತ್ರೆಯಿದೆ. ಅದರಲ್ಲಿಯೂ ಸೋಲು ಗೆಲುವುಗಳಿವೆ, ಪ್ರಾಣಹಾನಿಯೂ ಇದೆ. ಅದನ್ನು ಕನ್ನಡದಲ್ಲಿ ಹೇಳಿಕೊಳ್ಳುವ ಅಭ್ಯಾಸ ಮಾತ್ರ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಆದುದರಿಂದ ಪ್ರಸ್ತುತ ಲೇಖನದಲ್ಲಿ ಆ ಚರಿತ್ರೆಯ ಒಂದು ಸಣ್ಣ, ಆದರೆ ಆಳವಾದ ಮೂಲೆಯನ್ನು ಪ್ರವೇಶಿಸಲು ಬಯಸುತ್ತೇನೆ. ವೃತ್ತಿಯಿಂದ ಈ ವಿಷಯವನ್ನು ಬಲ್ಲವರು ವಿವರಣೆಗಳನ್ನು ಸಹಿಸಿಕೊಳ್ಳಬೇಕು. ಅವು ಅವರ ಪಕ್ಕದಲ್ಲಿ ಕುಳಿತಿರುವ ಹಿರಿಯರಿಗಾಗಿ.

ಗಣಕಯಂತ್ರವನ್ನು ಒಂದು ಮದುವೆಮನೆಯೆಂದು ಭಾವಿಸೋಣ. ನೂರಾರು ಕೆಲಸಗಳು ಏಕಕಾಲದಲ್ಲಿ ನಡೆಯುತ್ತಿವೆ. ಎಲ್ಲರಿಗೂ ಸಾಮಗ್ರಿ ಬೇಕು, ಇರುವ ಉಗ್ರಾಣ ಒಂದೇ. ಆ ಉಗ್ರಾಣವೇ ಯಂತ್ರದ ಸ್ಮೃತಿ, ಎಂದರೆ ಮೆಮೊರಿ. ಮನೆಯ ಯಜಮಾನಿಕೆ ವಹಿಸಿದ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದೂ, ಅದರ ಒಳಮನೆಗೆ ಕರ್ನಲ್, ಅಂದರೆ ತಿರುಳು ಎಂದೂ ಹೆಸರು. ಮುದ್ರಣಯಂತ್ರ, ಡಿಸ್ಕು, ಜಾಲದ ತಂತಿ ಮೊದಲಾದ ಹೊರಸಾಧನಗಳೊಡನೆ ವ್ಯವಹರಿಸುವ ಭಾಗವೇ ಡ್ರೈವರ್. ಯಾರಿಗೆ ಎಷ್ಟು ಸ್ಥಳ ಅಳೆದು ಕೊಡಬೇಕು, ಒಂದೇ ಪಾತ್ರೆಗೆ ಇಬ್ಬರು ಏಕಕಾಲದಲ್ಲಿ ಕೈಹಾಕದಂತೆ ಬೀಗವನ್ನು ಹೇಗೆ ಹಾಕಬೇಕು ಎಂಬ ಎರಡು ಪ್ರಶ್ನೆಗಳು ಅರುವತ್ತು ವರ್ಷಗಳಿಂದ ಈ ಒಳಮನೆಯನ್ನು ಕಾಡುತ್ತ ಬಂದಿವೆ.

ಅಳೆದು ಕೊಡುವ ವಿದ್ಯೆಯ ಮೂಲದಲ್ಲಿ ನಾವು ನಿರೀಕ್ಷಿಸದ ಒಂದು ಹೆಸರು ಎದುರಾಗುತ್ತದೆ. ಹಣ ಹೂಡಿಕೆಯ ಸಿದ್ಧಾಂತಕ್ಕಾಗಿ 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಹ್ಯಾರಿ ಮಾರ್ಕೊವಿಟ್ಜ್ ಅವರೇ 1963ರಲ್ಲಿ ‘ಬಡ್ಡಿ’ ಪದ್ಧತಿಯನ್ನು ಮೊದಲು ಬಳಸಿದರೆಂದು ಡೊನಾಲ್ಡ್ ಕ್ನೂತ್ ದಾಖಲಿಸಿದ್ದಾರೆ. (ನಮ್ಮ ಬಡ್ಡಿಗೂ ಇದಕ್ಕೂ ಸಂಬಂಧವಿಲ್ಲ, ಇಂಗ್ಲಿಷಿನಲ್ಲಿ ಜೊತೆಗಾರ ಎಂದು ಅರ್ಥ. ಅರ್ಥಶಾಸ್ತ್ರಜ್ಞರ ಕೈಯಿಂದ ಬಂದುದರಿಂದ ಕನ್ನಡದ ಕಿವಿಗೆ ತಮಾಷೆಯಾಗಿ ಕೇಳುವುದು ನಿಜ.) ಬೆಲ್ ಪ್ರಯೋಗಾಲಯದ ಕೆನೆತ್ ನೋಲ್ಟನ್ 1965ರಲ್ಲಿ ಅದನ್ನು ಪ್ರಕಟಿಸಿದರು. ಪದ್ಧತಿ ಸರಳ. ಸ್ಥಳವನ್ನು 64, 32, 16, 8 ಹೀಗೆ ಅರ್ಧರ್ಧವಾಗಿ ಸೀಳುತ್ತ ಹೋಗುವುದು. ಯಾರಾದರೂ 10 ಪುಟಗಳಷ್ಟು ಸ್ಥಳ ಕೇಳಿದರೆ 64ರ ತುಂಡನ್ನು ಎರಡು 32 ಮಾಡಿ, ಅದರಲ್ಲಿ ಒಂದನ್ನು ಎರಡು 16 ಮಾಡಿ, ಒಂದು 16ನ್ನು ಕೊಡುವುದು. ಆರು ಪುಟ ವ್ಯರ್ಥವಾದೀತು, ಆಗಲಿ. ಆ ತುಂಡು ಹಿಂದಿರುಗಿದಾಗ ಅದರ ಜೊತೆಗಾರ ತುಂಡೂ ಖಾಲಿಯಿದ್ದರೆ ಎರಡನ್ನೂ ಕೂಡಿಸಿ ಮತ್ತೆ ದೊಡ್ಡದು ಮಾಡುವುದು. ಇಂದಿನ ಲಿನಕ್ಸ್ ಕರ್ನಲ್ ಕೂಡ ಪುಟಗಳನ್ನು ಹಂಚುವುದು ಮೂಲತಃ ಈ ಕ್ರಮದಿಂದಲೇ.

ಬೀಗದ ಕಥೆ ಹಾಲೆಂಡಿನಲ್ಲಿ ಆರಂಭವಾಗುತ್ತದೆ. ಎಡ್ಸ್‌ಗರ್ ಡೈಕ್‌ಸ್ಟ್ರಾ 1960ರ ದಶಕದ ಆದಿಯಲ್ಲಿ ‘ಸೆಮಾಫೋರ್’ ಎಂಬ ಕಲ್ಪನೆಯನ್ನು ಮುಂದಿಟ್ಟರು. ಸೆಮಾಫೋರ್ ಎಂದರೆ ರೈಲುಮಾರ್ಗದ ಕೈಮರ. ಹೋಲಿಕೆ ನಮ್ಮವರಿಗೆ ಕಷ್ಟವಾಗಬಾರದು. ಏಕಪಥ ರೈಲುಮಾರ್ಗದ ಕಾಲದಲ್ಲಿ ಸಣ್ಣ ನಿಲ್ದಾಣದ ನೌಕರನು ಬೆತ್ತದ ಬಳೆಯಲ್ಲಿ ಟೋಕನ್ ಸಿಕ್ಕಿಸಿ ಎತ್ತಿ ಹಿಡಿದು ನಿಲ್ಲುತ್ತಿದ್ದುದನ್ನೂ, ಎಂಜಿನ್ನಿನ ಚಾಲಕ ಬಾಗಿ ಅದನ್ನು ತೋಳಿಗೆ ಹಾಕಿಕೊಳ್ಳುತ್ತಿದ್ದುದನ್ನೂ ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಟೋಕನ್ ಕೈಯಲ್ಲಿಲ್ಲದೆ ಮುಂದಿನ ನಿಲ್ದಾಣದವರೆಗಿನ ಹಳಿಯ ಮೇಲೆ ಯಾವ ಗಾಡಿಯೂ ಕಾಲಿಡುವಂತಿಲ್ಲ. ಡೈಕ್‌ಸ್ಟ್ರಾ ಹೇಳಿದ್ದು ಅದನ್ನೇ. ಹಂಚಿಕೊಂಡ ದತ್ತಾಂಶವೇ ಏಕಪಥ, ಟೋಕನ್ ಪಡೆದವನಿಗೆ ಮಾತ್ರ ಪ್ರವೇಶ, ಉಳಿದವರು ಕಾಯಬೇಕು. ಮುಖ್ಯ ಷರತ್ತು ಒಂದು: ಟೋಕನ್ ಇದೆಯೇ ಎಂದು ನೋಡುವುದೂ ಅದನ್ನು ತೆಗೆದುಕೊಳ್ಳುವುದೂ ನಡುವೆ ಬಿರುಕಿಲ್ಲದ ಒಂದೇ ಕ್ರಿಯೆಯಾಗಿರಬೇಕು. ಈ ಷರತ್ತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಅದನ್ನು ಮರೆತುದಕ್ಕೆ ತೆತ್ತ ಬೆಲೆ ಮುಂದೆ ಬರುತ್ತದೆ.

ಬೀಗ ಬಂದೊಡನೆ ಬೀಗದ ಸಂಕಟವೂ ಬಂತು. ಒಬ್ಬನ ಕೈಯಲ್ಲಿ ಹಿಟ್ಟಿನ ಕೋಣೆಯ ಕೀಲಿಕೈ, ಮತ್ತೊಬ್ಬನ ಕೈಯಲ್ಲಿ ಎಣ್ಣೆಯ ಕೋಣೆಯದು. ಇಬ್ಬರಿಗೂ ಎರಡೂ ಬೇಕು. ತನ್ನದನ್ನು ಬಿಟ್ಟುಕೊಡಲು ಯಾರೂ ಸಿದ್ಧರಿಲ್ಲ. ಡೈಕ್‌ಸ್ಟ್ರಾ ಇದನ್ನು ಸಾವಿನ ಆಲಿಂಗನವೆಂದು ಕರೆದರು. ಕುಮಾರವ್ಯಾಸನ ನಾಡಿನವರಾದ ನಮಗೆ ಧೃತರಾಷ್ಟ್ರನ ಆಲಿಂಗನ ನೆನಪಾಗುವುದು ಸಹಜ. ಆದರೆ ಅಲ್ಲಿ ಪುಡಿಯಾದದ್ದು ಉಕ್ಕಿನ ಭೀಮ ಮಾತ್ರ, ಇಲ್ಲಿ ಅಪ್ಪಿಕೊಂಡ ಇಬ್ಬರೂ ಹೋಗುತ್ತಾರೆ. ಐ.ಬಿ.ಎಂ.ನ ಹೇವೆಂಡರ್ 1968ರಲ್ಲಿ ಒಂದು ಪರಿಹಾರವನ್ನು ಬರೆದಿಟ್ಟರು: ಎಲ್ಲ ಬೀಗಗಳಿಗೂ ಒಂದು ಕ್ರಮ ಗೊತ್ತುಮಾಡಿ, ಆ ಕ್ರಮದಲ್ಲಿಯೇ ತೆಗೆದುಕೊಳ್ಳಿ, ಆಲಿಂಗನ ಸಾಧ್ಯವೇ ಆಗುವುದಿಲ್ಲ. 1971ರಲ್ಲಿ ಕಾಫ್‌ಮನ್ ಮತ್ತು ಸಹಲೇಖಕರು ಈ ಸಂಕಟ ಉಂಟಾಗಲು ಬೇಕಾದ ನಾಲ್ಕು ನಿಬಂಧನೆಗಳನ್ನು ವಿಂಗಡಿಸಿದರು. ಪಾಠ ಆಗಲೇ ಸಿದ್ಧವಾಗಿತ್ತು, ಕಲಿಯುವವರು ತಡಮಾಡಿದರು.

1969ರಲ್ಲಿ ಹುಟ್ಟಿದ ಯುನಿಕ್ಸ್ ಈ ಗೊಡವೆಯಿಂದ ಬಹಳ ಕಾಲ ಜಾಣತನದಿಂದ ತಪ್ಪಿಸಿಕೊಂಡಿತು. ಆಗ ಯಂತ್ರಕ್ಕೆ ಒಂದೇ ಸಂಸ್ಕಾರಕ. ಕರ್ನಲ್ಲಿನೊಳಗೆ ಪ್ರವೇಶಿಸಿದ ಕೆಲಸ ತಾನಾಗಿ ನಿದ್ರೆಗೆ ಜಾರುವವರೆಗೆ ಬೇರೆ ಕೆಲಸಕ್ಕೆ ಅಲ್ಲಿ ಅವಕಾಶವಿಲ್ಲ. ಹೊರಸಾಧನಗಳು ಮಧ್ಯೆ ಬಾಗಿಲು ಬಡಿಯದಂತೆ ಸ್ವಲ್ಪ ಹೊತ್ತು ತಡೆಹಿಡಿದರೆ ಸಾಕು. ಉಗ್ರಾಣವೂ ಹಾಗೆಯೇ ಸರಳ: 1975ರ ಆರನೆಯ ಆವೃತ್ತಿಯಲ್ಲಿ 50 ಕೆಲಸಗಳಿಗೆ ಒಂದು ಪಟ್ಟಿ, ಡಿಸ್ಕಿನ ದತ್ತಾಂಶಕ್ಕೆ 15 ಪಾತ್ರೆಗಳು, ತೆರೆದ ಕಡತಗಳಿಗೆ 100 ಮನೆಗಳು, ಎಲ್ಲವೂ ಮೊದಲೇ ಎಣಿಸಿ ಇಟ್ಟವು. ಆಸ್ಟ್ರೇಲಿಯದ ಪ್ರಾಧ್ಯಾಪಕ ಜಾನ್ ಲಯನ್ಸ್ ಆ ಆವೃತ್ತಿಗೆ ಬರೆದ ವ್ಯಾಖ್ಯಾನಕ್ಕೆ ಪ್ರಕಟಣೆಯ ನಿರ್ಬಂಧವಿದ್ದುದರಿಂದ ಇಪ್ಪತ್ತು ವರ್ಷ ಛಾಯಾಪ್ರತಿಯ ಛಾಯಾಪ್ರತಿಯಾಗಿ ಕೈಯಿಂದ ಕೈಗೆ ಸಾಗಿತು; 1996ರಲ್ಲಷ್ಟೇ ಅದಕ್ಕೆ ಅಧಿಕೃತ ಮುದ್ರಣ ದೊರೆಯಿತು. ಓಲೆಗರಿಯ ಪ್ರತಿಕಾರರ ಪರಂಪರೆಯನ್ನು ಬಲ್ಲ ನಾವು ಈ ಗ್ರಂಥದ ಭಾಗ್ಯವನ್ನು ಮೆಚ್ಚಿಕೊಳ್ಳಬೇಕು.

ಈಗ ಬೆಲೆಯ ಮಾತು. ಕೆನಡಾದ ಸರಕಾರಿ ಸಂಸ್ಥೆಯಾದ ಅಟಾಮಿಕ್ ಎನರ್ಜಿ ಆಫ್ ಕೆನಡಾ ತಯಾರಿಸಿದ ‘ಥೆರಾಕ್-25’ ಎಂಬ ವಿಕಿರಣ ಚಿಕಿತ್ಸಾ ಯಂತ್ರಗಳು 11 ಇದ್ದವು: ಕೆನಡಾದಲ್ಲಿ 6, ಅಮೆರಿಕದಲ್ಲಿ 5. ಹಿಂದಿನ ಮಾದರಿಯಲ್ಲಿ ಅಪಾಯ ತಡೆಯಲು ವಿದ್ಯುತ್ ಮತ್ತು ಯಾಂತ್ರಿಕ ತಡೆಗಳಿದ್ದವು. ಹೊಸದರಲ್ಲಿ ಅವುಗಳನ್ನು ಕೈಬಿಟ್ಟು ಕಾವಲನ್ನು ತಂತ್ರಾಂಶಕ್ಕೇ ಒಪ್ಪಿಸಲಾಯಿತು. ಆ ತಂತ್ರಾಂಶವಾದರೋ ಒಬ್ಬನೇ ವ್ಯಕ್ತಿ ಬರೆದದ್ದು. ಅದರ ಆಪರೇಟಿಂಗ್ ಸಿಸ್ಟಂ ಕೂಡ ಆ ಯಂತ್ರಕ್ಕೆಂದೇ ಬರೆದದ್ದು. ಅನೇಕ ಕೆಲಸಗಳು ಒಂದೇ ಸ್ಮೃತಿಯ ಚರಾಂಶಗಳನ್ನು ಹಂಚಿಕೊಂಡಿದ್ದವು. ಬೀಗ ಎನ್ನುವಂತಹದು ಇರಲಿಲ್ಲ. ನೋಡುವುದು ಒಂದು ಕ್ರಿಯೆ, ಬರೆಯುವುದು ಮತ್ತೊಂದು ಕ್ರಿಯೆಯಾಗಿತ್ತು. ಡೈಕ್‌ಸ್ಟ್ರಾ ಇಪ್ಪತ್ತು ವರ್ಷ ಹಿಂದೆ ಎಚ್ಚರಿಸಿದ್ದ ಬಿರುಕು ಅದೇ.

1986ರ ಮಾರ್ಚ್ ತಿಂಗಳಲ್ಲಿ ಟೆಕ್ಸಾಸಿನ ಟೈಲರ್ ನಗರದ ಆಸ್ಪತ್ರೆಯಲ್ಲಿ ಯಂತ್ರ ನಡೆಸುವಾಕೆ ಎಲೆಕ್ಟ್ರಾನ್ ಕಿರಣಕ್ಕೆ ಬದಲಾಗಿ ಕ್ಷಕಿರಣದ ಅಕ್ಷರವನ್ನು ಒತ್ತಿದಳು. ಒಡನೆಯೇ ಗಮನಿಸಿ, ಮೇಲೆ ಸಾಲಿಗೆ ಹೋಗಿ ತಿದ್ದಿದಳು. ಅನುಭವಸ್ಥಳಾದುದರಿಂದ ಕೈ ಚುರುಕಾಗಿತ್ತು. ಅಯಸ್ಕಾಂತಗಳು ಸ್ಥಾನಕ್ಕೆ ಬರಲು ತಗಲುತ್ತಿದ್ದ ಸುಮಾರು 8 ಸೆಕೆಂಡುಗಳ ಒಳಗೆ ತಿದ್ದುಪಡಿ ಮುಗಿಯಿತು. ಪರದೆಯ ಮೇಲೆ ತಿದ್ದಿದ ಅಕ್ಷರ ಕಂಡಿತು. ಆದರೆ ಯಂತ್ರವನ್ನು ಅಣಿಗೊಳಿಸುತ್ತಿದ್ದ ಕೆಲಸ ಆ ತಿದ್ದುಪಡಿಯನ್ನು ಗಮನಿಸಲೇ ಇಲ್ಲ. 180 ರ್‍ಯಾಡ್ ಪಡೆಯಬೇಕಿದ್ದ ರೋಗಿಗೆ ತಗುಲಿದ್ದು 16,500ರಿಂದ 25,000 ರ್‍ಯಾಡ್ ಎಂದು ಆಮೇಲೆ ಅಂದಾಜು ಮಾಡಲಾಯಿತು. ಪರದೆ ತೋರಿಸಿದ್ದು ‘ದೋಷ 54’ ಎಂದಷ್ಟೇ. ಆತ ಐದು ತಿಂಗಳು ನರಳಿ ತೀರಿಕೊಂಡ. ಮುಂದಿನ ತಿಂಗಳು ಅದೇ ಆಸ್ಪತ್ರೆಯಲ್ಲಿ ಮತ್ತೊಬ್ಬ ರೋಗಿ. ತಯಾರಕರು ಇದು ಅಸಾಧ್ಯವೆಂದೇ ಹೇಳುತ್ತಿದ್ದರು. ಆಸ್ಪತ್ರೆಯ ಭೌತವಿಜ್ಞಾನಿಯೂ ಆ ಯಂತ್ರ ನಡೆಸುವಾಕೆಯೂ ಕೂಡಿ ಕುಳಿತು, ಅಕ್ಷರಗಳನ್ನು ವೇಗವಾಗಿ ಒತ್ತಿ ಒತ್ತಿ, ದೋಷವನ್ನು ತಾವೇ ಮರಳಿ ಉಂಟುಮಾಡಿ ತೋರಿಸಿದರು. 1985ರಿಂದ 1987ರ ನಡುವೆ ಇಂತಹ ಅಪಘಾತಗಳು ಒಟ್ಟು ಆರು. ಕನಿಷ್ಠ ಮೂವರು ವಿಕಿರಣದ ಕಾರಣದಿಂದಲೇ ಮಡಿದರು. ಹಳೆಯ ಮಾದರಿಯ ತಂತ್ರಾಂಶದಲ್ಲಿಯೂ ಇದೇ ದೋಷವಿತ್ತೆಂದು ಆನಂತರ ತಿಳಿಯಿತು. ಅಲ್ಲಿ ಫ್ಯೂಸ್ ಸುಟ್ಟುಹೋಗಿ ಜನ ಬದುಕಿಕೊಂಡಿದ್ದರು. ಕೆಲಸದಲ್ಲಿ ಚುರುಕಾಗಿದ್ದವಳ ಕೈಯಲ್ಲಿಯೇ ಯಂತ್ರ ಕೆಟ್ಟಿತೆಂಬುದು ನನಗೆ ಈ ಪ್ರಕರಣದ ಅತ್ಯಂತ ಕ್ರೂರವಾದ ಅಂಶವಾಗಿ ತೋರುತ್ತದೆ.

ಉಗ್ರಾಣದ ಕಡೆಗೆ ತಿರುಗೋಣ. 1994ರಲ್ಲಿ ಸನ್ ಸಂಸ್ಥೆಯ ಜೆಫ್ ಬಾನ್ವಿಕ್ ‘ಸ್ಲ್ಯಾಬ್’ ಪದ್ಧತಿಯನ್ನು ಪ್ರಕಟಿಸಿದರು. ಕರ್ನಲ್ ಪದೇ ಪದೇ ಕೇಳುವುದು ಒಂದೇ ಅಳತೆಯ, ಒಂದೇ ಬಗೆಯ ವಸ್ತುಗಳನ್ನು ಎಂಬುದು ಅವರ ಗಮನಿಕೆ. ಪ್ರತಿ ಪಂಕ್ತಿಗೂ ಹೊಸ ತಟ್ಟೆ ಎರಕಹೊಯ್ದು, ಊಟವಾದ ಮೇಲೆ ಕರಗಿಸುವವರುಂಟೆ? ತೊಳೆದು ಅದೇ ಅಟ್ಟಣಿಗೆಯಲ್ಲಿ ಜೋಡಿಸಿಟ್ಟರೆ ಮುಂದಿನ ಪಂಕ್ತಿಗೆ ಸಿದ್ಧ. ವಸ್ತುವಿನೊಳಗಿನ ಬೀಗವನ್ನೂ ಹೀಗೆಯೇ ಸಿದ್ಧಸ್ಥಿತಿಯಲ್ಲಿ ಇಟ್ಟುಕೊಳ್ಳಬಹುದು. 2001ರಲ್ಲಿ ಬಾನ್ವಿಕ್ ಮತ್ತು ಜೊನಾಥನ್ ಆಡಮ್ಸ್ ಇನ್ನೊಂದು ಹೆಜ್ಜೆಯಿಟ್ಟು, ಪ್ರತಿ ಸಂಸ್ಕಾರಕದ ಬಳಿಯಲ್ಲಿಯೂ ಸ್ವಲ್ಪ ದಾಸ್ತಾನಿಡುವ ಕ್ರಮವನ್ನು ವಿವರಿಸಿದರು; ಉಗ್ರಾಣದ ಬೀಗಕ್ಕಾಗಿ ಎಲ್ಲರೂ ಸರದಿ ನಿಲ್ಲುವುದು ಆಗ ಬಹುಮಟ್ಟಿಗೆ ತಪ್ಪಿತು.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, 1996ರ ಜೂನ್ ತಿಂಗಳಲ್ಲಿ ಬಂದ 2.0 ಆವೃತ್ತಿಯೊಡನೆ ಒಂದಕ್ಕಿಂತ ಹೆಚ್ಚು ಸಂಸ್ಕಾರಕಗಳ ಯಂತ್ರಗಳಿಗೆ ಕಾಲಿಟ್ಟಿತು. ಅದಕ್ಕಾಗಿ ಮಾಡಿದ ಏರ್ಪಾಡು ಒಂದೇ ಒಂದು ‘ದೊಡ್ಡ ಬೀಗ’. ಕೋಣೆಕೋಣೆಗೆ ಬೀಗ ಹಾಕುವ ಬದಲು ತಲೆಬಾಗಿಲಿಗೇ ಹಾಕಿದಂತೆ. ಒಳಗೆ ಒಬ್ಬರಿದ್ದರೆ ಉಳಿದವರೆಲ್ಲ ಜಗುಲಿಯ ಮೇಲೆ. ಹಿಡಿದವನು ನಿದ್ರೆಹೋದರೆ ತಾನಾಗಿ ಬಿಟ್ಟುಕೊಳ್ಳುವ, ಹಿಡಿದವನೇ ಮತ್ತೊಮ್ಮೆ ಹಿಡಿದರೂ ಸುಮ್ಮನಿರುವ ಬಹಳ ಉದಾರ ಸ್ವಭಾವದ ಬೀಗ ಅದು. ಆ ಔದಾರ್ಯದಿಂದಲೇ ತೊಂದರೆ: ಯಾವ ಡ್ರೈವರ್ ಯಾವುದನ್ನು ಕಾಪಾಡಲು ಅದನ್ನು ಹಿಡಿದಿದೆ ಎಂಬುದೇ ಕಾಲಾಂತರದಲ್ಲಿ ಅಸ್ಪಷ್ಟವಾಯಿತು. ಅದನ್ನು ಸ್ಥಾನದಿಂದ ಸ್ಥಾನಕ್ಕೆ ಹುಡುಕಿ ಕಿತ್ತುಹಾಕಲು ಹದಿನೈದು ವರ್ಷ ಬೇಕಾಯಿತು. 2011ರ ಮೇ ತಿಂಗಳಲ್ಲಿ ಬಂದ 2.6.39 ಆವೃತ್ತಿಯಲ್ಲಿ ಅದರ ಕೊನೆಯ ಕುರುಹು ಅಳಿಯಿತು. ಆ ಕೊನೆಯ ಹಂತದ ಶ್ರಮ ಬಹುಪಾಲು ಆರ್ನ್ಡ್ ಬರ್ಗ್‌ಮನ್ ಅವರದು.

ದೊಡ್ಡ ಬೀಗ ಹೋದಂತೆಲ್ಲ ಸಾವಿರಾರು ಚಿಕ್ಕ ಬೀಗಗಳು ಬಂದವು. ಡ್ರೈವರ್ ಬರೆಯುವವನಿಗೆ ಉಗ್ರಾಣವೂ ಬೀಗವೂ ಮುಖಾಮುಖಿಯಾಗುವುದು ಇಲ್ಲಿಯೇ. ಬೀಗಗಳಲ್ಲಿ ಎರಡು ಜಾತಿ. ಮೊದಲನೆಯದು ಕಾಯುವವನನ್ನು ಮಲಗಿಸಿ, ಬಿಡುವಾದಾಗ ಎಬ್ಬಿಸುವುದು. ಎರಡನೆಯದು ‘ಸ್ಪಿನ್‌ಲಾಕ್’, ಕಾಯುವವನು ಮಲಗುವುದಿಲ್ಲ, ಬಾಗಿಲ ಮುಂದೆ ಗಿರಗಿರನೆ ಸುತ್ತುತ್ತಲೇ ಇರುತ್ತಾನೆ. ಕ್ಷಣಾರ್ಧದ ಕೆಲಸಕ್ಕೆ ಎರಡನೆಯದೇ ಲೇಸು. ಆದರೆ ಆ ಬೀಗ ಹಿಡಿದವನು ನಿದ್ರಿಸಕೂಡದು. ನಿದ್ರಿಸಿದರೆ ಹೊರಗೆ ಸುತ್ತುವವನು ಸುತ್ತುತ್ತಲೇ ಉಳಿದಾನು. ಉಗ್ರಾಣದಲ್ಲಿಯೂ ಎರಡು ಬಗೆಯ ಬೇಡಿಕೆಗಳಿವೆ. ‘ಜಿ.ಎಫ್.ಪಿ. ಕರ್ನಲ್’ ಎಂದು ಕೇಳಿದರೆ, ‘ಸ್ಥಳವಿಲ್ಲದಿದ್ದರೆ ಯಾರದಾದರೂ ಹಳೆಯ ಸಾಮಾನು ಡಿಸ್ಕಿಗೆ ಸಾಗಿಸಿ ತೆರವುಮಾಡು, ಅಲ್ಲಿಯವರೆಗೆ ಮಲಗಿರುತ್ತೇನೆ’ ಎಂದರ್ಥ. ‘ಜಿ.ಎಫ್.ಪಿ. ಅಟಾಮಿಕ್’ ಎಂದರೆ, ‘ಈಗಲೇ ಕೊಡು, ಇಲ್ಲವಾದರೆ ಇಲ್ಲವೆನ್ನು’. ಎರಡನೆಯವರಿಗಾಗಿ ಕರ್ನಲ್ ಒಂದಷ್ಟು ಪುಟಗಳನ್ನು ಹಿಡಿ ಅಕ್ಕಿಯಂತೆ ಬಚ್ಚಿಟ್ಟಿರುತ್ತದೆ.

ಸ್ಪಿನ್‌ಲಾಕ್ ಹಿಡಿದುಕೊಂಡೇ ಮೊದಲ ಬಗೆಯ ಬೇಡಿಕೆ ಸಲ್ಲಿಸುವುದು ಡ್ರೈವರ್ ಬರೆಯುವವರ ಅತಿ ಹಳೆಯ ಪ್ರಮಾದ. ಅದರ ಮೋಸವೆಂದರೆ, ಉಗ್ರಾಣ ತುಂಬಿರುವವರೆಗೆ ನಿದ್ರೆಯ ಪ್ರಸಂಗವೇ ಬರುವುದಿಲ್ಲ. ಪ್ರಯೋಗಶಾಲೆಯಲ್ಲಿ ತಿಂಗಳುಗಟ್ಟಲೆ ನಡೆದ ಯಂತ್ರ, ಗಿರಾಕಿಯ ಸ್ಥಳದಲ್ಲಿ ಸ್ಮೃತಿ ತುಂಬಿದ ಒಂದು ದಿನ ಸ್ತಬ್ಧವಾಗುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಡಿಸ್ಕಿನ ಡ್ರೈವರ್ ತನ್ನ ಬೀಗ ಹಿಡಿದು ಸ್ಥಳ ಕೇಳುತ್ತದೆ. ಸ್ಥಳ ತೆರವು ಮಾಡಲು ಉಗ್ರಾಣಿಕನು ಹಳೆಯ ಪುಟಗಳನ್ನು ಡಿಸ್ಕಿಗೆ ಬರೆಯಲು ಹೊರಡುತ್ತಾನೆ. ಬರೆಯಬೇಕಾದದ್ದು ಅದೇ ಡ್ರೈವರಿನ ಮೂಲಕ. ಅದರ ಬಾಗಿಲಿಗೆ ಬೀಗ. ಕೇಳಿದವನೂ ಕೊಡುವವನೂ ಒಬ್ಬರನ್ನೊಬ್ಬರು ಕಾಯುತ್ತ ನಿಲ್ಲುತ್ತಾರೆ. ಅಂತಹ ಕಡೆ ‘ಕೊಡು, ಆದರೆ ಕೊಡುವುದಕ್ಕಾಗಿ ಡಿಸ್ಕಿನ ಕಡೆಗೆ ಹೋಗಬೇಡ’ ಎಂದು ಸ್ಪಷ್ಟವಾಗಿ ಹೇಳುವ ಬೇರೆ ಬೇಡಿಕೆಯನ್ನೇ ಬಳಸಬೇಕು. ಬಾಹ್ಯ ಜಗತ್ತು ಡ್ರೈವರ್ ಬರಹವನ್ನು ಗೌರವಿಸದಿರುವುದಕ್ಕೆ, ಚೆನ್ನಾಗಿ ಬರೆದಾಗ ಏನೂ ಆಗದಿರುವುದೇ ಕಾರಣವೆಂದು ನನ್ನ ಅಭಿಪ್ರಾಯ.

2003ರ ಆಗಸ್ಟ್ 14ರ ಮಧ್ಯಾಹ್ನ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿಯೂ ಕೆನಡಾದ ಒಂಟೇರಿಯೊದಲ್ಲಿಯೂ ಇದ್ದವರಿಗೆ ಆ ದಿನದ ಕತ್ತಲೆ ನೆನಪಿರಲೇಬೇಕು. ಸುಮಾರು 5 ಕೋಟಿ ಜನಕ್ಕೆ ವಿದ್ಯುತ್ ಇಲ್ಲವಾಯಿತು. ಕಾರಣಗಳು ಹಲವು, ಬೆಳೆದ ಮರಗಳೂ ಸೇರಿ. ಅವುಗಳಲ್ಲಿ ಒಂದು ಓಹಾಯೊದ ವಿದ್ಯುತ್ ಸಂಸ್ಥೆಯ ನಿಯಂತ್ರಣ ಕೊಠಡಿಯಲ್ಲಿತ್ತು. ಎರಡು ಕೆಲಸಗಳು ಏಕಕಾಲದಲ್ಲಿ ಒಂದೇ ದತ್ತಾಂಶಕ್ಕೆ ಬರೆಯಹೋಗಿ, ಎಚ್ಚರಿಕೆಯ ಗಂಟೆ ಬಾರಿಸಬೇಕಿದ್ದ ತಂತ್ರಾಂಶ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಬಿದ್ದಿತ್ತು. ಒಂದು ಗಂಟೆಗೂ ಹೆಚ್ಚು ಕಾಲ ಸಿಬ್ಬಂದಿಗೆ ಗಂಟೆ ಕೆಟ್ಟಿರುವುದೇ ತಿಳಿದಿರಲಿಲ್ಲ.

ಮನುಷ್ಯರ ಎಚ್ಚರಿಕೆಯನ್ನೇ ನಂಬಿ ಕುಳಿತರೆ ಸಾಲದೆಂದು 2006ರಲ್ಲಿ ಇಂಗೊ ಮೊಲ್ನಾರ್ ಮತ್ತು ಆರ್ಯನ್ ವಾನ್ ಡಿ ವೆನ್ ಲಿನಕ್ಸಿಗೆ ‘ಲಾಕ್‌ಡೆಪ್’ ಎಂಬ ಕಾವಲುಗಾರನನ್ನು ಸೇರಿಸಿದರು. ಯಾವ ಬೀಗದ ನಂತರ ಯಾವ ಬೀಗ ಹಿಡಿಯಲಾಯಿತೆಂದು ಅದು ದಾಖಲಿಸುತ್ತ ಹೋಗುತ್ತದೆ. ಒಂದು ಕಡೆ ಹಿಟ್ಟಿನ ನಂತರ ಎಣ್ಣೆ, ಇನ್ನೊಂದು ಕಡೆ ಎಣ್ಣೆಯ ನಂತರ ಹಿಟ್ಟು ಎಂದು ಕಂಡೊಡನೆ, ಆಲಿಂಗನ ನಿಜವಾಗಿ ಸಂಭವಿಸದಿದ್ದರೂ, ಕೂಗಿ ಹೇಳುತ್ತದೆ. ಹೇವೆಂಡರ್ ಅವರ 1968ರ ನಿಯಮಕ್ಕೆ ಕೊನೆಗೂ ಒಬ್ಬ ಪೊಲೀಸಿನವನು ದೊರೆತನು.

ಈ ಚರಿತ್ರೆಯಲ್ಲಿ ಬೆಂಗಳೂರಿನ ಪಾಲೇನು ಎಂದು ಪ್ರತಿನಿಧಿಗಳು ಕೇಳುವುದು ನ್ಯಾಯವೇ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಬಿಡುಗಡೆ ಮಾಡಿದ, ಆರು ತಿರುಳುಗಳ ‘ಡನಿಂಗ್ಟನ್’ ಸಂಸ್ಕಾರಕ ಬೆಂಗಳೂರಿನಲ್ಲಿ ರೂಪುಗೊಂಡದ್ದೆಂಬುದು ಪತ್ರಿಕೆಗಳಲ್ಲಿ ಬಂದ ವಿಷಯ. ಅದಕ್ಕಿಂತ ಸದ್ದಿಲ್ಲದೆ ನಡೆದ, ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದಾದ ಕೆಲಸ ಇನ್ನೊಂದಿದೆ. ಆರಿಗನ್ ರಾಜ್ಯದ ಸೀಕ್ವೆಂಟ್ ಸಂಸ್ಥೆಯಲ್ಲಿ ಪಾಲ್ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ 1990ರ ದಶಕದಲ್ಲಿ ರೂಪಿಸಿದ ಪದ್ಧತಿಗೆ ಆರ್.ಸಿ.ಯು. ಎಂದು ಹೆಸರು. ಇದರಲ್ಲಿ ಓದುವವನಿಗೆ ಬೀಗವೇ ಇಲ್ಲ. ಗೋಡೆಗೆ ತೂಗುಹಾಕಿದ ಪಂಚಾಂಗವನ್ನು ತಿದ್ದಬೇಕಾದರೆ, ನೋಡುತ್ತಿರುವವರನ್ನು ಹೊರದಬ್ಬದೆ, ಪಕ್ಕದಲ್ಲಿ ಹೊಸ ಪ್ರತಿಯೊಂದನ್ನು ಸಿದ್ಧಪಡಿಸಿ ತೂಗುಹಾಕುವುದು. ಹಳೆಯದನ್ನು ಹಿಡಿದವರು ಓದಿ ಮುಗಿಸುವವರೆಗೆ ಕಾದು, ಆಮೇಲೆ ಅದನ್ನು ಎಸೆಯುವುದು. ಬೀಗದ ಪ್ರಶ್ನೆ ಹೀಗೆ ‘ಹಳೆಯ ಸ್ಥಳವನ್ನು ಯಾವಾಗ ಉಗ್ರಾಣಕ್ಕೆ ಹಿಂದಿರುಗಿಸಬೇಕು’ ಎಂಬ ಪ್ರಶ್ನೆಯಾಗಿ ಮಾರ್ಪಡುತ್ತದೆ. 1999ರಲ್ಲಿ ಐ.ಬಿ.ಎಂ. ಆ ಸಂಸ್ಥೆಯನ್ನು ಕೊಂಡಿತು. 2002ರ ಅಕ್ಟೋಬರಿನಲ್ಲಿ ಈ ಪದ್ಧತಿ ಲಿನಕ್ಸಿನ 2.5.43 ಆವೃತ್ತಿಯನ್ನು ಸೇರಿದಾಗ ಅದನ್ನು ಸಿದ್ಧಪಡಿಸಿ ಕೊಟ್ಟವರು ಐ.ಬಿ.ಎಂ.ನ ಬೆಂಗಳೂರು ಶಾಖೆಯಲ್ಲಿದ್ದ ದೀಪಂಕರ ಶರ್ಮ. ಕಡತಗಳ ಹೆಸರು ಹುಡುಕುವ ಭಾಗಕ್ಕೆ ಅದನ್ನು ಅಳವಡಿಸುವಲ್ಲಿ ಅಲ್ಲಿಯ ಮನೀಶ್ ಸೋನಿಯವರೂ ದುಡಿದರು. ಇವರು ಕನ್ನಡಿಗರೇ ಎಂದು ಕೇಳುವ ಚಪಲ ಬೇಡ. ಊರು ನಮ್ಮದು, ಅಷ್ಟು ಸಾಕು. ಈಗ ಜಗತ್ತಿನ ಆಂಡ್ರಾಯ್ಡ್ ಫೋನುಗಳೆಲ್ಲವೂ ಲಿನಕ್ಸ್ ಕರ್ನಲ್ಲನ್ನು ಹೊತ್ತಿರುವುದರಿಂದ, ನಿಮ್ಮ ಜೇಬಿನಲ್ಲಿಯೂ ಆ ಪದ್ಧತಿ ಈ ಕ್ಷಣ ನಡೆಯುತ್ತಿರುವ ಸಂಭವ ಹೆಚ್ಚು.

ಇನ್ನೊಂದು ಪ್ರಸಂಗ ಉಳಿದಿದೆ. 1997ರ ಜುಲೈ 4ರಂದು ಮಂಗಳಗ್ರಹಕ್ಕಿಳಿದ ‘ಪಾಥ್‌ಫೈಂಡರ್’ ಕೆಲವು ದಿನಗಳಲ್ಲಿ ತಾನಾಗಿಯೇ ಮರುಚಾಲನೆಗೊಳ್ಳತೊಡಗಿತು. ಕಡಿಮೆ ಮಹತ್ವದ, ಹವಾಮಾನ ವರದಿಯ ಕೆಲಸವೊಂದು ಬೀಗ ಹಿಡಿದಿತ್ತು; ಅತಿ ಮಹತ್ವದ ಕೆಲಸ ಅದಕ್ಕಾಗಿ ಕಾಯುತ್ತಿತ್ತು; ಮಧ್ಯಮ ದರ್ಜೆಯವು ನುಗ್ಗಿ ಬೀಗ ಹಿಡಿದವನನ್ನು ಮುಂದುವರಿಯಲು ಬಿಡುತ್ತಿರಲಿಲ್ಲ. ಗುಮಾಸ್ತರ ಗದ್ದಲದಲ್ಲಿ ಜವಾನನು ಸಿಕ್ಕಿಕೊಂಡು ದಿವಾನರು ಬಾಗಿಲಲ್ಲಿ ನಿಂತಂತೆ. ಬೀಗ ಹಿಡಿದವನಿಗೆ ಕಾಯುವವನ ದರ್ಜೆಯನ್ನು ತಾತ್ಕಾಲಿಕವಾಗಿ ಕೊಡುವ ಪರಿಹಾರವನ್ನು ಲೂಯಿ ಶಾ, ರಾಜ್‌ಕುಮಾರ್, ಲೆಹಾಕ್ಜಿ ಎಂಬ ಮೂವರು 1990ರಲ್ಲಿಯೇ ಪ್ರಕಟಿಸಿದ್ದರು. ನೌಕೆಯ ತಂತ್ರಾಂಶದಲ್ಲಿ ಆ ಸೌಲಭ್ಯವಿತ್ತು, ಆದರೆ ಆ ಬೀಗಕ್ಕೆ ಅದನ್ನು ಚಾಲೂ ಮಾಡಿರಲಿಲ್ಲ. ಭೂಮಿಯಿಂದ ಸಂದೇಶ ಕಳುಹಿಸಿ ಚಾಲೂ ಮಾಡಿದರು, ಮರುಚಾಲನೆ ನಿಂತಿತು.

ಅದೇ ದರ್ಜೆದಾನದ ತತ್ತ್ವವನ್ನು ಕರ್ನಲ್ಲಿನ ಬಹುತೇಕ ಸ್ಪಿನ್‌ಲಾಕುಗಳಿಗೂ ವಿಸ್ತರಿಸಿ, ಅವುಗಳನ್ನು ಹಿಡಿದವನೂ ನಿದ್ರಿಸಬಹುದಾದಂತೆ ಮಾರ್ಪಡಿಸುವ ಲಿನಕ್ಸಿನ ‘ರಿಯಲ್ ಟೈಮ್’ ಯೋಜನೆ ಸುಮಾರು ಇಪ್ಪತ್ತು ವರ್ಷ ಮುಖ್ಯ ಕರ್ನಲ್ಲಿನ ಹೊರಗೇ ನಡೆಯಿತು. ಉಗ್ರಾಣದಲ್ಲಿ 2024ರ ಮಾರ್ಚ್ ತಿಂಗಳ 6.8 ಆವೃತ್ತಿಯಿಂದ ಹಳೆಯ ಸ್ಲ್ಯಾಬ್ ನಿವೃತ್ತಿ ಹೊಂದಿ, ಕ್ರಿಸ್ಟೋಫ್ ಲ್ಯಾಮೀಟರ್ 2007ರಲ್ಲಿ ತಂದ ‘ಸ್ಲಬ್’ ಒಂದೇ ಉಳಿದುಕೊಂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಯೆನ್ನಾದಲ್ಲಿ ಥಾಮಸ್ ಗ್ಲೈಕ್ಸ್‌ನರ್ ರಿಯಲ್ ಟೈಮ್ ಯೋಜನೆಯ ಕೊನೆಯ ಸೇರ್ಪಡೆಯ ಮನವಿಯನ್ನು ಕಾಗದದ ಮೇಲೆ ಮುದ್ರಿಸಿ, ಚಿನ್ನದ ಬಣ್ಣದ ಹೊದಿಕೆಯಲ್ಲಿ ಸುತ್ತಿ ಟೊರ್ವಾಲ್ಡ್ಸ್ ಅವರ ಕೈಗಿತ್ತರು. ನವೆಂಬರಿನಲ್ಲಿ ಹೊರಬಂದ 6.12 ಆವೃತ್ತಿಯಲ್ಲಿ ಅದು ಸೇರಿಕೊಂಡಿದೆ.